ಬೀಳದವಳ ಹೆಜ್ಜೆ

ನೆಲಕ್ಕೆ ಕಣ್ಣು ಬಂದ ವರ್ಷ ನಮ್ಮ ಆಸ್ಪತ್ರೆಯ ಹೆಂಗಸರೆಲ್ಲ ಮದುವಣಗಿತ್ತಿಯರ ಹಾಗೆ ನಡೆಯತೊಡಗಿದರು. ತಲೆ ನೆಟ್ಟಗೆ, ಹೆಜ್ಜೆ ಅಳತೆಯಲ್ಲಿ, ಎದುರಿಗೆ ಯಾರೋ ಕೂತು ನೋಡುತ್ತಿದ್ದಾರೆ ಎಂಬ ಅಂಜಿಕೆ ಮೊಣಕಾಲಿನಲ್ಲಿ. ರೋಗಿ ಬೆಲ್ ಒತ್ತಿದರೆ ಮೊದಲೆಲ್ಲ ಓಡುತ್ತಿದ್ದವರು ಈಗ ಓಡುವುದಿಲ್ಲ. ಓಡಿದರೆ ನೆಲ ಬರೆದುಕೊಳ್ಳುತ್ತದೆ.

ಆ ನೆಲಕ್ಕೆ ‘ಸ್ಥಿರಪಾದ’ ಎಂದು ಹೆಸರಿಟ್ಟಿದ್ದರು. ಇಟ್ಟವರು ಯಾರೋ ನನಗೆ ತಿಳಿಯದು. ದಿನಕ್ಕೆ ಹತ್ತು ಗಂಟೆ ನಿಂತ ಕಾಲಿನವರಂತೂ ಅಲ್ಲ. ಟೈಲ್ಸಿನ ಕೆಳಗೆ ಹಪ್ಪಳದಷ್ಟು ತೆಳುವಾದ ಹಾಳೆ ಹಾಸಿದ್ದರು. ಪ್ರತಿ ಹೆಜ್ಜೆಯ ಭಾರ, ಹಿಮ್ಮಡಿಯಿಂದ ಬೆರಳಿನ ಕಡೆಗೆ ಆ ಭಾರ ಜಾರುವ ವೇಗ, ನಡುವೆ ಬರುವ ಸಣ್ಣ ನಡುಕ, ಎಲ್ಲವೂ ಅದಕ್ಕೆ ತಿಳಿಯುತ್ತಿತ್ತು. ಹೆಜ್ಜೆ ಯಾರದ್ದು ಎಂದು ಗೊತ್ತಾಗಲಿ ಎಂದು ನಮ್ಮೆಲ್ಲರ ಪಾದರಕ್ಷೆಗಳ ಅಟ್ಟೆಯೊಳಗೆ ಸಾಸಿವೆ ಕಾಳಿನಷ್ಟು ಚಿಪ್ ಕೂರಿಸಿದ್ದರು. ಮನುಷ್ಯ ಬೀಳುವುದು ಬಿದ್ದ ದಿನವಲ್ಲ, ವಾರಗಳ ಮೊದಲೇ ಅವನ ಕಾಲಿಗೆ ಅದು ಗೊತ್ತಿರುತ್ತದೆ ಎಂಬುದು ಇದರ ಹಿಂದಿನ ವಿಜ್ಞಾನ. ಅದು ಸುಳ್ಳಲ್ಲ. ವಯಸ್ಸಾದವರ ವಾರ್ಡಿನಲ್ಲಿ ನೆಲ ಹೇಳಿದವರು ಹೇಳಿದಂತೆಯೇ ತಡವರಿಸಿದ್ದನ್ನು ಕಂಡಿದ್ದೇನೆ. ಮುಂಚೆ ತಿಳಿದದ್ದರಿಂದ ಎಷ್ಟೋ ಜನರ ಸೊಂಟ ಉಳಿಯಿತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ.

ಹಾಳೆ ಹಾಸಲು ಇಡೀ ಆಸ್ಪತ್ರೆಯ ನೆಲ ಕಿತ್ತಿದ್ದರು. ನಮ್ಮ ಆಪರೇಷನ್ ಥಿಯೇಟರಿನ ಕಾರಿಡಾರಿನಲ್ಲಿ, ಹಳೇ ಕಟ್ಟಡಕ್ಕೆ ಹೊಸ ಕಟ್ಟಡ ಸೇರುವ ಕಡೆ, ಸಂದು ಮುಚ್ಚಲು ಹಾಕಿದ ಒಂದು ಗ್ರಾನೈಟ್ ಪಟ್ಟಿ ಇತ್ತು. ನೆಲದಿಂದ ಹೆಬ್ಬೆರಳಿನಷ್ಟು ಮೇಲೆದ್ದಿತ್ತು, ಬಣ್ಣ ಮಾತ್ರ ನೆಲದ್ದೇ. ಥಿಯೇಟರಿನಿಂದ ರಕ್ತದ ಫ್ರಿಜ್ಜಿಗೆ ಓಡುವವರು ಅದನ್ನು ದಾಟಲೇಬೇಕು. ಅದನ್ನು ತೆಗೆಸಿ ಎಂದು ಒಂಬತ್ತು ವರ್ಷಗಳಿಂದ ರಿಪೇರಿ ಪುಸ್ತಕದಲ್ಲಿ ಬರೆಯುತ್ತ ಬಂದವಳು ನಾನು, ಥಿಯೇಟರ್ ಇನ್‌ಚಾರ್ಜ್ ಸಿಸ್ಟರ್ ತಾರಾಮಣಿ. ನೆಲ ಕಿತ್ತಾಗ, ಸದ್ಯ ಹೋಯಿತಲ್ಲ ಎಂದುಕೊಂಡೆ. ಕೆಲಸದವರು ಆ ಪಟ್ಟಿಯನ್ನು ಜೋಪಾನವಾಗಿ ಎತ್ತಿ, ಗೋಣಿಚೀಲದಲ್ಲಿ ಸುತ್ತಿಟ್ಟು, ಕೆಳಗೆ ಹಾಳೆ ಹಾಸಿ, ಮತ್ತೆ ಅಷ್ಟೇ ಎತ್ತರಕ್ಕೆ ಕೂರಿಸಿದರು.

“ಇದನ್ನ ಯಾಕಪ್ಪಾ ಮತ್ತೆ ಹಾಕ್ತೀರ?” ಎಂದೆ.

“ಎಂಗಿತ್ತೋ ಅಂಗೇ ಕೂರ್ಸಿ ಅಂದವ್ರಕ್ಕ,” ಎಂದ ಗಾರೆ ಕೆಲಸದವ.

ಕೆಲಸದವನನ್ನು ಏನೆನ್ನುವುದು. ಅವನ ಕೈಯಲ್ಲಿ ಸುತ್ತಿಗೆ ಇತ್ತು, ಅಪ್ಪಣೆ ಇರಲಿಲ್ಲ. ಅಪ್ಪಣೆ ಇದ್ದವರು ಥಿಯೇಟರಿನ ಬಾಗಿಲು ದಾಟಿ ಒಳಗೆ ಬಂದವರೇ ಅಲ್ಲ.

ಹಾಳೆ ಹಾಸಿ ಆರು ತಿಂಗಳಾದ ಮೇಲೆ, ಒಂದು ಸೋಮವಾರ, ನನ್ನನ್ನು ನೆಲಮಾಳಿಗೆಗೆ ಕರೆಸಿದರು. ಮೊದಲು ಬೆಡ್‌ಶೀಟು, ದಿಂಬು ಇಡುತ್ತಿದ್ದ ಕೋಣೆ ಈಗ ಸ್ಥಿರಪಾದದ ಕಂಟ್ರೋಲ್ ರೂಮು. ಆಡಳಿತಾಧಿಕಾರಿ ಲೋಹಿತಾಶ್ವ ಕಾಫಿ ತರಿಸಿದರೆ ಯಾರದೋ ಕೆಲಸ ಹೋಗುತ್ತದೆ ಎಂಬುದು ಆಸ್ಪತ್ರೆಗೆಲ್ಲ ಗೊತ್ತಿದ್ದ ವಿಷಯ. ನನಗೆ ಬಿಸ್ಕತ್ತೂ ಬಂತು.

ಗೋಡೆಯ ತುಂಬ ಪರದೆ. ಪರದೆಯ ತುಂಬ ಆಸ್ಪತ್ರೆಯ ನಕ್ಷೆ. ಅದರ ಮೇಲೆ ಇರುವೆ ಸಾಲಿನ ಹಾಗೆ ಹಸಿರು ಚುಕ್ಕಿಗಳು ಹರಿದಾಡುತ್ತಿದ್ದವು. ಅನ್ವಿತಾ ಎಂಬ ಎಂಜಿನಿಯರ್ ಹುಡುಗಿ ಕೀಲಿಮಣೆ ಒತ್ತಿದಳು. ಥಿಯೇಟರ್ ಕಾರಿಡಾರು ದೊಡ್ಡದಾಯಿತು. ಒಂದು ಚುಕ್ಕಿ ಕೆಂಪಗಿತ್ತು.

“ಚಿಕ್ಕತಾಯಿ,” ಎಂದ ಲೋಹಿತಾಶ್ವ. “ನಿಮ್ಮ ಆಯಾ. ನಲವತ್ತು ದಿನದೊಳಗೆ ಬೀಳೋ ಸಂಭವ ನೂರಕ್ಕೆ ಎಂಬತ್ತೊಂದು. ಬೀಳೋ ಜಾಗಾನೂ ತೋರಿಸ್ತಿದೆ ನೋಡಿ, ನಿಮ್ಮ ಕಾರಿಡಾರೇ.”

“ಆ ಜಾಗದಲ್ಲಿ ಕಲ್ಲಿನ ಪಟ್ಟಿ ಇದೆ ಸರ್. ಒಂಬತ್ತು ವರ್ಷದಿಂದ…”

“ಪಟ್ಟಿ ಎಲ್ಲರಿಗೂ ಒಂದೇ ಅಲ್ವಾ ಸಿಸ್ಟರ್? ಉಳಿದವರ್ಯಾರೂ ಕೆಂಪಾಗಿಲ್ಲ.” ಅವನು ಒಂದು ಕಾಗದ ನನ್ನ ಕಡೆ ತಳ್ಳಿದ. “ಈ ತಿಂಗಳ ಕೊನೆಗೆ ಏಜೆನ್ಸಿಗೆ ವಾಪಸು ಕಳಿಸೋಣ. ವಿಭಾಗದ ಮುಖ್ಯಸ್ಥರ ಸಹಿ ಬೇಕು. ಬಿದ್ದು ಕಾಲು ಮುರ್ಕೊಳ್ಳೋದಕ್ಕಿಂತ ಮನೇಲಿರೋದು ಅವಳಿಗೇ ಒಳ್ಳೇದಲ್ವಾ?”

ಬಿದ್ದ ಮೇಲೆ ನೋಡಿಕೊಳ್ಳಬೇಕಾದವಳನ್ನು ಬೀಳುವ ಮೊದಲೇ ಹೊರಗೆ ಹಾಕಿದರೆ ಅವಳು ಎಲ್ಲಾದರೂ ಬೀಳಲಿ, ಅದು ಬೇರೆ ಯಾರದೋ ನೆಲ. ಮುಂದಾಗುವುದನ್ನು ಮೊದಲೇ ತಿಳಿಯುವ ವಿದ್ಯೆ ಕೈಗೆ ಸಿಕ್ಕಾಗ ಇಂಥವರಿಗೆ ಹೊಳೆಯುವುದು ಇಷ್ಟೇ.

“ಹೊರಗಡೆ ವಾರ್ಡಲ್ಲಿ ಅವರ ನಡಿಗೆ ಚೆನ್ನಾಗಿದೆ ಸಿಸ್ಟರ್,” ಎಂದಳು ಅನ್ವಿತಾ, ಸಮಾಧಾನ ಹೇಳುವವಳಂತೆ. “ಥಿಯೇಟರ್ ಒಳಗೆ ಮಾತ್ರ ಹಾಳಾಗುತ್ತೆ. ಸುಸ್ತು ಅಂತ ಸಿಸ್ಟಮ್ ಅರ್ಥ ಮಾಡ್ಕೊಳ್ಳುತ್ತೆ. ನೋಡಿ, ಮೊನ್ನೆ ಗುರುವಾರ. ಫ್ರಿಜ್ಜಿಗೆ ಎಷ್ಟು ಸಲ ಓಡಿದ್ದಾರೆ! ಎಡಗಾಲು ಪ್ರತಿ ಸಲ ತಡವಾಗಿ ಮೇಲೇಳ್ತಿದೆ.”

ನನ್ನ ಹೆಸರಿನ ಚುಕ್ಕಿ ಎಲ್ಲಿ ಎಂದು ಕೇಳಿದೆ. ಮೂಲೆಯಲ್ಲಿ ಬೂದು ಬಣ್ಣಕ್ಕಿತ್ತು. ‘ಮಾಹಿತಿ ಸಾಲದು’ ಎಂದು ಬರೆದಿತ್ತು. ಒಳ್ಳೆಯದೇ ಆಯಿತು ಎನಿಸಿತು. ನಾಳೆ ಸಹಿ ಮಾಡುತ್ತೇನೆ ಎಂದು ಹೇಳಿ ಎದ್ದೆ. ಮಾಡುವುದಿಲ್ಲ ಎಂದು ಹೇಳಲಿಲ್ಲ. ಬಿಸ್ಕತ್ತನ್ನು ತಿಂದಿದ್ದೆ.

ಮನೆಯಲ್ಲಿ ನನ್ನ ಗಂಡ ಶಿವಸ್ವಾಮಿ ಬಚ್ಚಲು ಉಜ್ಜುತ್ತಿದ್ದರು. ಸಾರಿಗೆ ಡಿಪೋದ ಟೈರು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಎಂಟು ತಿಂಗಳಿಂದ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಬಚ್ಚಲು ಉಜ್ಜುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಎಂಟು ತಿಂಗಳ ಹಿಂದೆ ನನ್ನ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಾಗ, ಬಚ್ಚಲಲ್ಲಿ ಜಾರಿದೆ ಎಂದು ನಾನು ಹೇಳಿದ್ದೆ. ಅವರಿಗೂ ಅದನ್ನೇ ಹೇಳಿದ್ದೆ. ಅವರು ಸ್ನಾನ ಮಾಡಿ ಬಂದ ಹದಿನೈದು ನಿಮಿಷಕ್ಕೆ ನಾನು ಒಳಗೆ ಹೋಗಿದ್ದೆನಂತೆ, ಸೋಪಿನ ನೀರು ಬಿಟ್ಟಿದ್ದು ಅವರೇ ಅಂತೆ. ತಾವೇ ಲೆಕ್ಕ ಹಾಕಿಕೊಂಡು, ತಾವೇ ತಪ್ಪು ಒಪ್ಪಿಕೊಂಡು, ಮಾರನೆಯ ದಿನವೇ ದೇವರಾಜ ಮಾರ್ಕೆಟ್ಟಿನಿಂದ ರಬ್ಬರ್ ಮ್ಯಾಟ್ ತಂದು ಹಾಸಿದ್ದರು.

ನಾನು ಬಿದ್ದದ್ದು ಆ ಕಲ್ಲಿನ ಪಟ್ಟಿಯ ಮೇಲೆ. ಆಸ್ಪತ್ರೆಯ ಗೇಟಿನಲ್ಲಿ ‘ಸಿಬ್ಬಂದಿಗೆ ಅಪಘಾತವಿಲ್ಲದ ದಿನಗಳು’ ಎಂಬ ಬೋರ್ಡು ಇತ್ತು, ನಾಲ್ಕಂಕಿ ದಾಟಿತ್ತು. ಒಬ್ಬಳು ಬಿದ್ದೆ ಎಂದು ಬರೆದರೆ ಅಂಕಿ ಸೊನ್ನೆಗೆ ಬರುತ್ತದೆ, ಇಡೀ ವಿಭಾಗಕ್ಕೆ ದಾದಿಯರ ದಿನದ ಪ್ರಶಸ್ತಿ ತಪ್ಪುತ್ತದೆ. ಆದರೆ ನಿಜ ಹೇಳಬೇಕೆಂದರೆ ನಾನು ಸುಳ್ಳು ಹೇಳಿದ್ದು ಬೋರ್ಡಿಗಾಗಿ ಅಲ್ಲ. ಬಿದ್ದ ಹೆಂಗಸಿಗೆ ಮೊದಲು ಬರುವುದು ನೋವಲ್ಲ, ನಾಚಿಕೆ. ಬಟ್ಟೆ ಸರಿ ಮಾಡಿಕೊಳ್ಳುತ್ತೇವೆ, ಯಾರು ನೋಡಿದರು ಎಂದು ಸುತ್ತ ನೋಡುತ್ತೇವೆ, “ಏನಿಲ್ಲ, ಏನಿಲ್ಲ” ಎಂದು ನಗುತ್ತೇವೆ. ಕೈ ಮುರಿದದ್ದು ಆಮೇಲೆ ತಿಳಿಯುತ್ತದೆ.

“ಚಪ್ಪಲಿ ಬದಲಾಯಿಸು ಮಾರಾಯ್ತಿ,” ಎಂದರು ಅವರು, ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ತಿರುಗಿಸಿ ನೋಡುತ್ತ. “ಎಡಗಡೇದು ನೋಡು, ಹಿಮ್ಮಡಿ ಹೊರಗಡೆ ಮಾತ್ರ ಸವೆದಿದೆ.”

“ನಿಮಗೆ ಎಲ್ಲಾ ಟೈರೇ.”

“ಟೈರು ಸುಳ್ಳು ಹೇಳಲ್ಲ ಕಣೇ. ಒಂದೇ ಕಡೆ ಸವೆದ್ರೆ ಡ್ರೈವರ್‌ನ ಬಯ್ತಿದ್ರು ನಮ್ಮ ಡಿಪೋ ಮ್ಯಾನೇಜರು. ಡ್ರೈವರ್ ಏನ್ಮಾಡ್ತಾನೆ? ಮೊದಲು ಗಾಡಿ ನೋಡ್ಬೇಕು. ಗಾಡಿ ಸರಿ ಇದ್ರೆ ರಸ್ತೆ ನೋಡ್ಬೇಕು. ಅದು ಬಿಟ್ಟು ಟೈರು ಬಿಸಾಕಿದ್ರೆ ಹೊಸ ಟೈರೂ ಹಂಗೇ ಸವೆಯುತ್ತೆ.”

ಎಡಗಾಲು ತಡವಾಗಿ ಮೇಲೇಳ್ತಿದೆ ಎಂದು ಆ ಹುಡುಗಿ ಅಂದದ್ದು ನೆನಪಾಯಿತು. ಆಮೇಲೆ ಗುರುವಾರವೂ ನೆನಪಾಯಿತು. ಗುರುವಾರ ಸಿಜೇರಿಯನ್ ಆದ ಹುಡುಗಿಗೆ ರಕ್ತ ನಿಲ್ಲದೆ, ಫ್ರಿಜ್ಜಿಗೂ ಥಿಯೇಟರಿಗೂ ಓಡಾಡಿದವಳು ನಾನು. ಚಿಕ್ಕತಾಯಿ ಅಂದು ಊರಲ್ಲೇ ಇರಲಿಲ್ಲ. ಹಿರಿಯ ಮೊಮ್ಮಗುವಿನ ಮುಡಿ ಕೊಡಲು ನಂಜನಗೂಡಿಗೆ ಹೋಗಿದ್ದಳು.

ಒಲೆಯ ಮೇಲೆ ಹಾಲು ಉಕ್ಕಿತು.

ನಮ್ಮ ಥಿಯೇಟರಿಗೆ ಹೊರಗಿನ ಚಪ್ಪಲಿ ಒಯ್ಯುವಂತಿಲ್ಲ. ಬಾಗಿಲಲ್ಲಿ ಬಿಟ್ಟು, ಅಲ್ಲಿನ ಗೂಡಿನಲ್ಲಿರುವ ನೀಲಿ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು. ಅದು ಯಾರದೂ ಅಲ್ಲದ, ಎಲ್ಲರದೂ ಆದ ಚಪ್ಪಲಿ. ಮೊದಲು ಬಂದವರಿಗೆ ಜೋಡಿ ಸಿಗುತ್ತದೆ. ಕೊನೆಗೆ ಬಂದವರು ಒಂದು ಆರು ನಂಬರಿನದು, ಒಂದು ಒಂಬತ್ತು ನಂಬರಿನದು ಸಿಕ್ಕಿಸಿಕೊಂಡು ಬಾತುಕೋಳಿಯ ಹಾಗೆ ಹೋಗುತ್ತಾರೆ. ಚಿಪ್ ಹಾಕಿದಾಗ ತಲೆಗೊಂದು ಹೊಸ ಜೋಡಿ ಬಂತು, ಅಟ್ಟೆಯ ಮೇಲೆ ಹೆಸರು ಬರೆದಿದ್ದರು. ಬ್ಲೀಚ್ ನೀರಿನಲ್ಲಿ ತೊಳೆದು ತೊಳೆದು ಎರಡೇ ವಾರಕ್ಕೆ ಹೆಸರೆಲ್ಲ ಅಳಿಸಿಹೋಯಿತು, ನಾವೂ ಹಳೇ ರೂಢಿಗೆ ಮರಳಿದೆವು. ನೆಲ ಹಾಸಿದವರಿಗೆ ಇದು ತಿಳಿಯಲಿಲ್ಲ. ಸ್ವಂತ ಚಪ್ಪಲಿಯನ್ನೇ ಹಾಕಿಕೊಂಡು ಬೆಳೆದವರು ಅವರು.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ನಾನು ದಿನವೂ ಹಾಕುವ ಜೋಡಿಯನ್ನು ಗೂಡಿನಿಂದ ತೆಗೆದು ತಿರುಗಿಸಿದೆ. ಎಡಗಡೆಯದರ ಹಿಮ್ಮಡಿ ಹೊರಗಡೆ ಮಾತ್ರ ಸವೆದಿತ್ತು. ಅಂಚಿನಲ್ಲಿ ಅಳಿಸದೆ ಉಳಿದಿದ್ದ ಅರ್ಧ ಹೆಸರು, ‘ಚಿಕ್ಕ’. ನನ್ನ ಹೆಸರಿನ ಜೋಡಿ ಯಾರಿಗೂ ಆಗದಷ್ಟು ಬಿಗಿ. ಗೂಡಿನ ತಳದಲ್ಲಿ ಹೊಸದಾಗಿಯೇ ಬಿದ್ದಿತ್ತು. ಮಾಹಿತಿ ಸಾಲದು.

ಚಿಕ್ಕತಾಯಿಯನ್ನು ಹುಡುಕಿಕೊಂಡು ತಾರಸಿಗೆ ಹೋದೆ. ಒಣಹಾಕಿದ ಹಸಿರು ಬಟ್ಟೆಗಳ ನಡುವೆ ಅವಳು ಸಿಮೆಂಟಿನ ಗೆರೆಯೊಂದರ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಡುತ್ತ, ಎರಡೂ ಕೈ ಚಾಚಿ ನಡೆಯುತ್ತಿದ್ದಳು.

“ಏನೇ ಇದು?”

“ನಡಿಯಾದ ಕಲೀತಿವ್ನಿ ಸಿಸ್ಟ್ರೆ. ಐವತ್ ವರ್ಸದಿಂದ ತಪ್ಪಾಗಿ ನಡೀತಿದ್ನಂತೆ.” ನಿಂತಳು. “ನನ್ ಎಸ್ರು ಕೆಂಪಾಗೈತಂತಲ್ಲ. ಏಜೆನ್ಸಿಯೋನು ಫೋನ್ ಮಾಡಿದ್ದ. ಬೀಳ್ಲೂ ಇಲ್ಲ, ಜಾರ್ಲೂ ಇಲ್ಲ, ಬಿದ್ದೋಳು ಅಂತ ಬರ್ಕಂಡವ್ರೆ. ಓಗಿ ಮಕಕ್ಕೆ ಉಗುದ್ಬುಡವ ಅನ್ನಂಗಾಯ್ತದೆ. ಆದ್ರೆ ಮಗಳು ಬಾಣಂತಿ, ಮನೇಲ್ ಕುಂತವ್ಳೆ. ಉಗ್ಯಕೂ ಒಂದ್ ಯೋಗ್ತೆ ಬೇಕಲ್ವಾ?”

“ಥಿಯೇಟರ್ ಒಳಗೆ ನಿನ್ನ ಚಪ್ಪಲಿ ಯಾವುದೇ?”

“ನನ್ ಚಪ್ಲಿಯಾ?” ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಅದ ನೀವೇ ಆಕ್ಕತೀರಲ್ಲ ಸಿಸ್ಟ್ರೆ.”

“ಮತ್ತೆ ನೀನು?”

“ನಾನ್ ಬರಿಗಾಲು. ಒರೆಸ್ವಾಗ ನೀರ್ ಮ್ಯಾಲೆ ರಬ್ಬರ್ ಚಪ್ಲಿ ಜಾರ್ತದೆ. ಬರಿಗಾಲಾದ್ರೆ ಕಾಲ್ ಬೆರಳ್ಗೆ ಕಲ್ಲು ಮೊದ್ಲೇ ಗೊತ್ತಾಯ್ತದೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಆರು ತಿಂಗಳು ಅವಳ ಚಪ್ಪಲಿ ಹಾಕಿಕೊಂಡು ಓಡಾಡಿದ್ದೆ, ಅವಳ ಕಾಲು ಬರಿದಾಗಿದ್ದನ್ನು ದಿನವೂ ನೋಡಿದ್ದೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಲೋಹಿತಾಶ್ವನನ್ನು ಬಯ್ಯಲು ಬಾಯಿ ತೆರೆದವಳು ಹಾಗೇ ಮುಚ್ಚಿ, ಗೂಡಿನಿಂದ ಆ ಜೋಡಿ ಎತ್ತಿಕೊಂಡೆ.

ಮತ್ತೆ ನೆಲಮಾಳಿಗೆ. ಈ ಸಲ ಕಾಫಿ ಬರಲಿಲ್ಲ.

“ಆ ಹೆಜ್ಜೆ ನಂದು ಸರ್,” ಎಂದೆ. ಚಪ್ಪಲಿಯನ್ನು ಮೇಜಿನ ಮೇಲೆ ಇಟ್ಟು ಗುರುವಾರದ ಕಥೆ ಹೇಳಿದೆ. ಅನ್ವಿತಾ ಚುರುಕಾಗಿ ಏನೇನೋ ಒತ್ತಿ ರಜೆಯ ಪುಸ್ತಕ ತೆರೆದಳು. ಅವಳ ಕಿವಿ ಕೆಂಪಾಯಿತು.

“ಹೌದು ಸರ್. ಗುರುವಾರ ಚಿಕ್ಕತಾಯಿ ರಜೆ. ನಾವು ಇದನ್ನ ನೋಡ್ಬೇಕಿತ್ತು.”

ಲೋಹಿತಾಶ್ವ ಚಪ್ಪಲಿಯನ್ನು ಪೆನ್ನಿನ ತುದಿಯಿಂದ ಮೇಜಿನ ಅಂಚಿಗೆ ಸರಿಸಿದ. ತುಂಬ ಹೊತ್ತು ಯೋಚಿಸಿದ ಎಂದೇನೂ ಇಲ್ಲ.

“ಇರ್ಲಿ ಬಿಡಿ ಸಿಸ್ಟರ್. ನೀವು ಪರ್ಮನೆಂಟು. ನಿಮ್ಮನ್ನ ಕೆಂಪು ಮಾಡಿದ್ರೆ ಫೈಲು ಟ್ರಸ್ಟಿಗಳ ತನಕ ಹೋಗುತ್ತೆ, ಇಪ್ಪತ್ತಾರು ವರ್ಷದ ಸರ್ವೀಸು, ಸುಮ್ನೆ ಗಲಾಟೆ. ಆಯಾ ಏಜೆನ್ಸಿಯವಳು. ಒಂದು ಕಾಗದದಲ್ಲಿ ಮುಗಿಯುತ್ತೆ.”

“ಆದ್ರೆ ಬೀಳೋದು ನಾನು.”

“ಹೆಜ್ಜೆ ನಿಮ್ಮದಿರಬಹುದು. ಹೆಸರು ಅವಳದ್ದಲ್ವಾ? ಕೆಂಪು ಹೋದ್ರೆ ಆಯ್ತು. ನೀವು ಸ್ವಲ್ಪ ಹುಷಾರಾಗಿ ನಡೀರಿ.”

ಒಂದು ಕ್ಷಣ ನನ್ನ ಮೈ ಹಗುರಾದದ್ದು ನಿಜ. ಅದನ್ನು ಹೇಳದೆ ಬಿಟ್ಟರೆ ಆ ಕೋಣೆಯಲ್ಲಿ ಉಗಿಸಿಕೊಳ್ಳಬೇಕಾದವನು ಒಬ್ಬನೇ ಇದ್ದ ಎಂದಾಗುತ್ತದೆ. ಕೆಲಸ ಉಳಿಯಿತು ಎಂದು ಮೊಣಕಾಲು ಹೇಳಿತು. ಸಾಯುವವರೆಗೂ ಆ ಮೊಣಕಾಲನ್ನು ನಾನು ಕ್ಷಮಿಸುವುದಿಲ್ಲ. ಸಹಿ ಮಾಡದೆ ಎದ್ದು, ಚಪ್ಪಲಿಯನ್ನು ಎತ್ತಿಕೊಂಡು ಬಂದೆ.

ಥಿಯೇಟರಿನ ನನ್ನ ಮೇಜಿನ ಪಕ್ಕದ ಗೋಡೆಗೆ ದಾರ ಕಟ್ಟಿ ತೂಗುಹಾಕಿದ ಒಂದು ಪುಸ್ತಕವಿತ್ತು. ಸಿಬ್ಬಂದಿ ಅಪಘಾತ ಪುಸ್ತಕ. ವರ್ಷಕ್ಕೊಮ್ಮೆ ಹೊರಗಿನ ತಪಾಸಣೆಯವರು ಬಂದು ಅದನ್ನು ನೋಡುತ್ತಾರೆ. ಪುಟಗಳಿಗೆ ನಂಬರು ಒತ್ತಿರುವುದರಿಂದ ಹರಿಯಲು ಬರುವುದಿಲ್ಲ. ಮುಂದಿನ ವಾರವೇ ಬರುವವರಿದ್ದರು. ನಾನು ಇನ್‌ಚಾರ್ಜ್ ಆದಾಗಿನಿಂದ ಅದರಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಧೂಳು ಒರೆಸಿ, ಮೊದಲ ಪುಟದಲ್ಲಿ ಎಂಟು ತಿಂಗಳ ಹಿಂದಿನ ತಾರೀಖು ಹಾಕಿ, ನನ್ನ ಹೆಸರು ಬರೆದೆ. ಸ್ಥಳ: ಥಿಯೇಟರ್ ಕಾರಿಡಾರ್, ಕಲ್ಲಿನ ಪಟ್ಟಿ. ಪೆಟ್ಟು: ಬಲ ಮಣಿಕಟ್ಟು. ತಡವಾಗಿ ಬರೆದ ಕಾರಣ ಎಂಬಲ್ಲಿ ‘ನಾಚಿಕೆ’ ಎಂದು ಬರೆದೆ.

ಹೆಗಲ ಮೇಲಿನಿಂದ ಸಿಸ್ಟರ್ ಗ್ಲಾಡಿಸ್ ಓದಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಜೋರು.

“ನೀವು ಬಚ್ಚಲಲ್ಲಿ ಬಿದ್ದಿದ್ದಲ್ವಾ ಸಿಸ್ಟರ್?”

“ಅಲ್ಲ.”

ಅವಳು ಮುಂದಿನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಕಟ್ಟಿಸಿದ ಹಲ್ಲು. “ಸಂಕ್ರಾಂತಿಯಲ್ಲಿ ಪಕ್ಕದ ಮನೆಯವರು ಕೊಟ್ಟ ಕಬ್ಬು ಕಚ್ಚಿ ಮುರೀತು ಅಂದಿದ್ದೆ ನಿಮಗೆ. ಪಾಪ, ಅವರು ಆಮೇಲೆ ಎಳ್ಳು ಬೆಲ್ಲ ಮಾತ್ರ ಕೊಡ್ತಿದಾರೆ. ಪೆನ್ ಕೊಡಿ ಇಲ್ಲಿ.”

ಸುದ್ದಿ ಹರಡಲು ಯಂತ್ರ ಬೇಕಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜಿನ ಮುಂದೆ ಸಾಲಿತ್ತು. ಅರಿವಳಿಕೆ ಡಾಕ್ಟರಮ್ಮ ಸ್ಕೂಟರಿನಿಂದ ಬಿದ್ದೆ ಎಂದಿದ್ದು ಸ್ಕೂಟರಿನಿಂದ ಅಲ್ಲ. ಒಬ್ಬಳು ತಪ್ಪನ್ನು ಅತ್ತೆಯ ಮನೆಯ ಮೆಟ್ಟಿಲಿನ ಮೇಲೆ ಹಾಕಿದ್ದಳು. ಅತ್ತೆ ಆ ಮೆಟ್ಟಿಲಿಗೆ ಕಂಬಿ ಹಾಕಿಸಿದ್ದರಂತೆ. ಇನ್ನೊಬ್ಬಳು ಗಂಡನ ಮೇಲೆ ಏನೂ ಹೇಳಿರಲಿಲ್ಲ, ಕಣ್ಣಿನ ಕೆಳಗಿನ ಕಪ್ಪು ನೋಡಿ ಬೀದಿಯವರೇ ಹೇಳಿಕೊಂಡಿದ್ದರು. ನಮ್ಮ ಮನೆಗಳೆಲ್ಲ ವರ್ಷಗಟ್ಟಲೆ ಆ ಕಲ್ಲಿನ ಅಪವಾದ ಹೊತ್ತಿದ್ದವು. ಎರಡು ಪುಟ ತುಂಬಿ ಮೂರನೆಯದಕ್ಕೆ ಹೋಯಿತು. ಸ್ಥಳ ಎಂಬಲ್ಲಿ ಒಬ್ಬೊಬ್ಬರೂ ಬರೆಯುವುದು ಬಿಟ್ಟು, ಮೇಲಿನದೇ ಎಂದು ಎರಡು ಗೀಟು ಎಳೆಯತೊಡಗಿದರು.

ಸಾಲು ಕರಗಿದ ಮೇಲೆ ಚಿಕ್ಕತಾಯಿ ಒರೆಸುಕೋಲು ಗೋಡೆಗೆ ಒರಗಿಸಿ ಬಂದಳು. ಪುಸ್ತಕವನ್ನು ಬಗ್ಗಿ ನೋಡಿದಳು.

“ನಾನೇನ ಬರ್ಸ್ಲಿ ಸಿಸ್ಟ್ರೆ?” ಅಂದಳು ಪೇಚಾಡಿಕೊಂಡು. “ನಾನ್ ಬಿದ್ದೇ ಇಲ್ವಲ್ಲ.”

ಇಡೀ ಥಿಯೇಟರಿನಲ್ಲಿ ಒಮ್ಮೆಯೂ ಬೀಳದವಳು ಅವಳೊಬ್ಬಳೇ. ಆ ಮಾತು ತಿಳಿಯುತ್ತಲೇ ಗ್ಲಾಡಿಸ್ ಕಟ್ಟಿಸಿದ ಹಲ್ಲು ಕಾಣುವಂತೆ ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಚಿಕ್ಕತಾಯಿ ಮಾತ್ರ ನಗಲಿಲ್ಲ. “ಅಂಗಾರೆ ನಾನ್ ಇರ್ತೀನಾ, ಓಯ್ತೀನಾ?” ಎಂದು ಕೇಳಿದಳು.

ಮೂರು ಗಂಟೆಗೆ ಲೋಹಿತಾಶ್ವ ಮೇಲೆ ಬಂದ. ಥಿಯೇಟರಿನ ಬಾಗಿಲಲ್ಲಿ ಗ್ಲಾಡಿಸ್ ಅವನನ್ನು ನಿಲ್ಲಿಸಿ, “ಬೂಟು ಇಲ್ಲೇ ಸರ್,” ಎಂದಳು. ಗೂಡಿನಲ್ಲಿ ಉಳಿದಿದ್ದದ್ದು ಒಂದು ಆರು ನಂಬರು, ಒಂದು ಒಂಬತ್ತು. ಅವನು ಅವನ್ನೇ ಸಿಕ್ಕಿಸಿಕೊಂಡು ಕಾರಿಡಾರಿನ ಉದ್ದಕ್ಕೂ ಬಂದ. ಪುಸ್ತಕ ಓದಿದ. ಹಿಂದಿನ ಪುಟ ತಿರುಗಿಸಿದ, ಮುಂದಿನ ಪುಟ ತಿರುಗಿಸಿದ, ಪುಟದ ನಂಬರು ನೋಡಿದ.

“ಇದನ್ನೆಲ್ಲ ಈಗ ಬರೆಯೋ ಅಗತ್ಯ ಏನಿತ್ತು ಸಿಸ್ಟರ್? ನನಗೆ ಬಾಯಲ್ಲಿ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

ರಿಪೇರಿ ಪುಸ್ತಕವನ್ನು ತೆರೆದು, ಒಂಬತ್ತು ವರ್ಷದ ನನ್ನ ಅಕ್ಷರಗಳನ್ನು ಅವನ ಮುಂದೆ ಇಟ್ಟೆ. ಅವನು ಓದಲಿಲ್ಲ. ಹೋಗುವಾಗ ಕಲ್ಲಿನ ಪಟ್ಟಿಯ ಹತ್ತಿರ ನಿಂತ. ಅದನ್ನು ಮೊದಲ ಸಲ ನೋಡುತ್ತಿದ್ದ. ಆಮೇಲೆ ಗೋಡೆ ಹಿಡಿದುಕೊಂಡು, ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ, ಮುದುಕರು ಚರಂಡಿ ದಾಟುವಂತೆ ದಾಟಿದ. ಅವನು ಬಿದ್ದಿದ್ದರೆ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಬುಧವಾರ ಅದೇ ಗಾರೆ ಕೆಲಸದವ ಉಳಿ ಸುತ್ತಿಗೆ ಹಿಡಿದು ಬಂದ. ಇಪ್ಪತ್ತು ನಿಮಿಷದಲ್ಲಿ ಕಲ್ಲು ಎದ್ದಿತು. ಸಂದಿನ ಮೇಲೆ ನೆಲಕ್ಕೆ ಸಮನಾಗಿ ಒಂದು ತಗಡು ಕೂರಿಸಿದ. ಗೇಟಿನ ಬೋರ್ಡನ್ನು ಬಣ್ಣ ಬಳಿಯಲು ಎಂದು ಒಯ್ದವರು ಮತ್ತೆ ತರಲಿಲ್ಲ. ಚಿಕ್ಕತಾಯಿಯ ಕೆಂಪು ಹೋಯಿತು, ಕೆಲಸ ಉಳಿಯಿತು. ಕೆಂಪು ನನ್ನ ಹೆಸರಿಗೆ ಬಂತು. ಟ್ರಸ್ಟಿಗಳ ತನಕ ಫೈಲು ಹೋಗಿ, ಹೊರರೋಗಿಗಳ ವಿಭಾಗದಲ್ಲಿ ಚೀಟಿ ಕೊಡುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಇಪ್ಪತ್ತಾರು ವರ್ಷ ಥಿಯೇಟರಿನಲ್ಲಿ ನಿಂತವಳಿಗೆ ಕುರ್ಚಿ ಒಂದು ಶಿಕ್ಷೆ ಎಂದು ಅವರಿಗೆ ಹೇಗೋ ಗೊತ್ತಾಗಿತ್ತು. ಬೇರೇನೂ ಗೊತ್ತಾಗದವರಿಗೆ.

ಭಾನುವಾರ ಶಿವಸ್ವಾಮಿ ಬ್ಲೀಚಿಂಗ್ ಪೌಡರಿನ ಡಬ್ಬಿ ತೆಗೆದಾಗ ಎಲ್ಲವನ್ನೂ ಹೇಳಿದೆ. ಅವರು ಬ್ರಷ್ಷನ್ನು ಕೈಯಲ್ಲಿ ಹಿಡಿದು ಬಚ್ಚಲನ್ನೇ ನೋಡಿದರು.

“ಎಂಟು ತಿಂಗಳು,” ಎಂದರು. “ನನ್ನಿಂದ ಬಿದ್ದೆ ಅಂತ ಎಷ್ಟು ಸಲ ನಿದ್ದೆ ಕೆಟ್ಟಿದ್ದೀನಿ ಗೊತ್ತಾ? ನಿನಗೆ ಆ ಕಲ್ಲಿಗಿಂತ ನಾನು ಕಡೆಯಾದ್ನಾ?”

ಬ್ರಷ್ಷನ್ನು ತೆಗೆದುಕೊಂಡು ಆ ವಾರ ನಾನೇ ಉಜ್ಜಿದೆ.

ತಿಂಗಳ ಮೇಲೆ ಅನ್ವಿತಾ ನನ್ನ ಚೀಟಿ ಮೇಜಿನ ಹತ್ತಿರ ಬಂದು, ರೋಗಿಗಳ ಸಾಲು ಮುಗಿಯುವವರೆಗೆ ಕಾದು ನಿಂತಳು.

“ಸಿಸ್ಟರ್, ಒಂದು ವಿಷಯ ಅರ್ಥ ಆಗ್ತಿಲ್ಲ. ಥಿಯೇಟರ್ ಕಾರಿಡಾರಲ್ಲಿ ಒಂದೇ ಜಾಗದಲ್ಲಿ ಎಲ್ಲರ ಹೆಜ್ಜೇನೂ ವಿಚಿತ್ರವಾಗಿದೆ. ನಡೀತಾ ನಡೀತಾ ಅಲ್ಲಿ ಕಾಲನ್ನ ಮೇಲಕ್ಕೆತ್ತಿ ಇಡ್ತಾರೆ. ಡಾಕ್ಟರೂ ಅಷ್ಟೇ. ಅಲ್ಲಿ ಏನೂ ಇಲ್ಲ, ನೆಲ ಸಮ ಇದೆ. ಸಿಸ್ಟಮ್ ಅದನ್ನ ದೋಷ ಅಂತ ಗುರುತು ಹಾಕಿದೆ. ಎಲ್ಲರಿಗೂ ನಡಿಗೆ ತರಬೇತಿ ಕೊಡಿಸ್ಬೇಕು ಅಂತಿದಾರೆ ಸರ್.”

“ಅಲ್ಲಿ ಕಲ್ಲು ಇತ್ತು, ಈಗ ತೆಗೆದಿದಾರೆ ಅಂತ ನಿನ್ನ ಯಂತ್ರಕ್ಕೆ ಹೇಳಿದ್ಯೇನಮ್ಮ?”

“ಇದ್ದದ್ದೇ ಅದಕ್ಕೆ ಗೊತ್ತಿರ್ಲಿಲ್ಲ ಸಿಸ್ಟರ್. ನಾವು ಕೊಟ್ಟ ನಕ್ಷೇಲಿ ಅದೂ ನೆಲ ಅಂತಲೇ ಇತ್ತು.” ತಲೆ ತಗ್ಗಿಸಿದಳು. “ಆ ಹೆಜ್ಜೆ ಇಡದೇ ಇರೋರು ಒಬ್ಬರೇ. ಅವರ ಹೆಸರೇ ಬರ್ತಿಲ್ಲ. ಚಿಪ್ ಇಲ್ಲ. ಬರಿಗಾಲು.”

“ಸರಿ ಹಾಗಾದ್ರೆ,” ಎಂದೆ. “ತರಬೇತಿ ಮಾಡಿಸ್ಲಿ. ಕಲಿಸೋಕೆ ಚಿಕ್ಕತಾಯೀನ ಕರೀರಿ. ಮೊದಲನೇ ಸಾಲಿಗೆ ಲೋಹಿತಾಶ್ವ ಸಾರ್‌ನ ನಿಲ್ಲಿಸು. ಬೂಟು ಬಾಗಿಲಲ್ಲಿ ಬಿಟ್ಟು ಬರ್ಬೇಕು ಅಂತ ಮಾತ್ರ ಮರೀದೆ ಹೇಳು.”